ಅವ್ವಾದ್ ಪೇರಿಸಿದ ಕರಿಕಲ್ಲು

ಬೆಳಗಿನ ನಮಾಜು ಮುಗಿಸಿ ಆಡುಗಳನ್ನು ಕಣಿವೆಗೆ ಹೊಡೆಯುವ ಮೊದಲು ಫುರೇಜಾ ಬೆಟ್ಟದ ದಾರಿ ಶುರುವಾಗುವಲ್ಲಿರುವ ಕಲ್ಲುಗುಡ್ಡೆಯ ಮುಂದೆ ನಿಲ್ಲುತ್ತಾಳೆ. ಬಗ್ಗಿ, ಅದರ ಮೇಲಿನ ಕೆಂಪು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹಳ್ಳಕ್ಕೆಸೆಯುತ್ತಾಳೆ. ಕೆಳಗಿನ ಕರಿಕಲ್ಲುಗಳಿಗೆ ಬೆರಳನ್ನೂ ತಾಗಿಸುವುದಿಲ್ಲ. ಜ್ವರ ಬಂದ ದಿನವೂ, ಹಬ್ಬದ ದಿನವೂ ಇದು ತಪ್ಪಿಲ್ಲ.

ಕೆಂಪು ಕಲ್ಲು ಇಟ್ಟುಹೋಗುವವರು ಬೆಟ್ಟ ಹತ್ತಲು ಬರುವ ಪರದೇಶದವರು. ಸಿನಾಯಿಯ ಈ ಬೆಟ್ಟಗಳಲ್ಲಿ ದಾರಿ ತೋರಿಸಲೂ ಕಲ್ಲು ಪೇರಿಸುತ್ತಾರೆ. ಅದನ್ನು ಕಂಡವರಿಗೆ ಪ್ರತಿ ಗುಡ್ಡೆಯೂ ದಾರಿಯ ಗುರುತೇ. ಒಳ್ಳೆಯದಾಗಲಿ ಎಂದು ತಾವೂ ಒಂದು ಕಲ್ಲಿಟ್ಟು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅದು ತನ್ನ ಗಂಡನ ಮುಖಕ್ಕೆ ಮೆತ್ತಿದ ಮಸಿ ಎಂದು ಅವರಿಗೆ ಫುರೇಜಾ ಯಾವ ಭಾಷೆಯಲ್ಲಿ ಹೇಳಬೇಕು?

"ಇವತ್ತು ಎಷ್ಟು ಕಿತ್ತೆ?" ಪಕ್ಕದ ಮನೆಯ ಸಬ್ಹಾ ತನ್ನ ಆಡುಗಳ ಹಿಂದೆ ಬರುತ್ತ ಕೇಳುತ್ತಾಳೆ.

"ಕಿತ್ತಷ್ಟೂ ಇಡ್ತಾರೆ. ಯಾವಳೋ ಮೇಲೊಂದು ಹೂ ಬೇರೆ ಇಟ್ಟಿದಾಳೆ ನೋಡು."

"ಇರಲಿ ಬಿಡೇ. ಇನ್ನೊಂದಿಷ್ಟು ದಿನ ಹೋದ್ರೆ ಸಂತರ ಗೋರಿ ಅಂದ್ಕೊಂಡು ನಿನ್ ಗಂಡಂಗೆ ಹರಕೆನೂ ಹೊರ್ತಾರೆ."

ಸಬ್ಹಾಳಿಗೆ ನಗು. ಫುರೇಜಾಳಿಗೆ ಮೈಯೆಲ್ಲ ಉರಿ.

ಆಗಿದ್ದು ಇಷ್ಟು. ಫುರೇಜಾಳ ಮೈದುನನ ಒಂಟೆಗಳು ಒಂದು ಚಳಿಗಾಲದಲ್ಲಿ ಇದೇ ಕಣಿವೆಯ ಅವ್ವಾದ್ ಎಂಬವನ ಬೆಟ್ಟದ ಮೇಲಿನ ತೋಟಕ್ಕೆ ನುಗ್ಗಿ, ಕಲ್ಲಿನ ಗೋಡೆ ಕೆಡವಿ, ಬಾದಾಮಿ ಸಸಿಗಳನ್ನು ಬುಡದವರೆಗೆ ಮೇಯ್ದವು. ಹಿರಿಯರು ಕೂತು, ಬಾದಾಮಿ ಹೂ ಬಿಡುವುದರೊಳಗೆ ಮೈದುನನೇ ಗೋಡೆ ಕಟ್ಟಿಕೊಡಬೇಕೆಂದು ತೀರ್ಮಾನಿಸಿದರು. "ಕಟ್ಟಿಕೊಡ್ತಾನೆ, ನನ್ನ ಮುಖದ ಮೇಲೆ" ಎಂದು ಅವಳ ಗಂಡ ಸುವೈಲಿಮ್ ಹೊಣೆ ನಿಂತ. ಇಲ್ಲಿ ಮುಖ ಕೊಟ್ಟ ಮೇಲೆ ಬೇರೆ ಮಾತಿಲ್ಲ. ಮೈದುನನೋ ಒಂದು ದಿನ ಒಂಟೆಗಳ ಸಮೇತ ಉತ್ತರಕ್ಕೆ ಹೋದವನು ತಿರುಗಿ ಬರಲಿಲ್ಲ. ಕಣಿವೆಯಲ್ಲಿ ಬಾದಾಮಿ ಹೂ ಬಿಟ್ಟಿತು. ಕೆಂಪು ಬಂಡೆಗಳ ನಡುವೆ ಬೆಟ್ಟವನ್ನು ಸೀಳಿಕೊಂಡು ಹೋಗುವ ಕರಿಕಲ್ಲಿನ ಪಟ್ಟಿಯೊಂದಿದೆ. ಅವ್ವಾದ್ ಅಲ್ಲಿಂದ ಕಲ್ಲು ಹೊತ್ತು ತಂದು, ಎಲ್ಲರೂ ಓಡಾಡುವ ಈ ಜಾಗದಲ್ಲೇ ಪೇರಿಸಿ, ಮಾತು ತಪ್ಪಿದವನೆಂದು ಸುವೈಲಿಮನ ಹೆಸರನ್ನು ಕಣಿವೆಯೆಲ್ಲ ಕೇಳುವಂತೆ ಕೂಗಿದ.

ಆ ಬೇಸಿಗೆ ಗಂಡಹೆಂಡತಿ ಸೇರಿ ಗೋಡೆ ಕಟ್ಟಿದರು. ಹಿಂದೆ ಯಾವನೋ ಪಾಷಾ ಬೆಟ್ಟದ ತುದಿಯಲ್ಲಿ ಅರಮನೆ ಕಟ್ಟುತ್ತೇನೆಂದು ಹೊರಟು, ಅರಮನೆ ಮುಗಿಯುವ ಮೊದಲೇ ಸತ್ತನಂತೆ. ಅವನು ಮಾಡಿಸಿದ ಒಂಟೆ ದಾರಿ ಮಾತ್ರ ಉಳಿದಿದೆ. ಅದರಲ್ಲೇ ಕಲ್ಲು ಹೊತ್ತರು. ಅಂಗೈ ಒಡೆದು ರೊಟ್ಟಿ ತಟ್ಟಲೂ ಆಗದೆ ಫುರೇಜಾ ಅತ್ತಳು. ಅವ್ವಾದ್ ಬಂದು ಗೋಡೆ ತಟ್ಟಿ ನೋಡಿ, "ಹಳೇದಕ್ಕಿಂತ ಗಟ್ಟಿ" ಎಂದ. ಇನ್ನು ಉಳಿದದ್ದು ಕರಿಕಲ್ಲು ತೆಗೆಯುವುದು. ಇಟ್ಟ ಕೈಯೇ ತೆಗೆಯಬೇಕು, ತೆಗೆದ ಜಾಗದಲ್ಲಿ ಬಿಳಿ ಬಟ್ಟೆ ಹಾರಿಸಬೇಕು. ಆಗಲೇ ಮಸಿ ಕಳೆದು ಮುಖ ಬಿಳುಪು.

"ಏಪ್ರಿಕಾಟ್ ಕೊಯ್ಲು ಮುಗೀಲಿ, ತೆಗೀತೀನಿ" ಎಂದ ಅವ್ವಾದ್. ಆಮೇಲೆ "ರಂಜಾನ್ ಕಳೀಲಿ" ಎಂದ. ಆಮೇಲೆ "ಈ ಮಂಡಿನೋವು ಇಳೀಲಿ ಮಾರಾಯ, ಓಡಿಹೋಗ್ತದಾ ಗುಡ್ಡೆ?" ಎಂದ. ಹಿಮ ಬಿದ್ದ ಒಂದು ಚಳಿಗಾಲದಲ್ಲಿ ಸುವೈಲಿಮ್ ತೀರಿಕೊಂಡ. ಹೆಣ ಗುಡ್ಡೆಯ ಪಕ್ಕದಲ್ಲೇ ಹೋಯಿತು. ಅವ್ವಾದನನ್ನು ಮಗ ಜುಮಾ ಸಮುದ್ರದ ದಂಡೆಯ ತೂರ್ ಪಟ್ಟಣಕ್ಕೆ ಕರೆದುಕೊಂಡು ಹೋದ. ಹೇಳಿ ಕಳಿಸಿದ್ದಕ್ಕೆಲ್ಲ "ಬರ್ತಾರಂತೆ" ಎಂಬ ಉತ್ತರವೊಂದೇ ಬಂತು.

ಕೊನೆಗೆ ಈ ವರ್ಷ ಫುರೇಜಾ ಬಿಳಿ ಬಟ್ಟೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ತಾನೇ ತೂರ್‌ಗೆ ಹೋದಳು. ಅವ್ವಾದ್ ಹಾಸಿಗೆಯ ಮೇಲಿದ್ದ. ಎತ್ತಿ ಕೂರಿಸಲೂ ಇಬ್ಬರು ಬೇಕಿತ್ತು.

"ಯಾರಮ್ಮ ನೀನು?"

"ಸುವೈಲಿಮನ ಹೆಂಡತಿ, ಮಾವ."

ಮುದುಕನ ಮುಖ ಅರಳಿತು. "ಸುವೈಲಿಮನಾ! ಅವನಂಗೆ ಗೋಡೆ ಕಟ್ಟೋನು ಬೆಟ್ಟದಲ್ಲೇ ಇಲ್ಲ. ಚೆನ್ನಾಗಿದಾನಾ?"

"ತೀರ್ಕೊಂಡ್ರು. ಅವರ ಹೆಸರಲ್ಲಿಟ್ಟ ಕರಿಕಲ್ಲು ಇನ್ನೂ ನಿಂತದೆ. ಅದಕ್ಕೇ ಬಂದೆ."

"ಕರಿಕಲ್ಲಾ? ಸುವೈಲಿಮಂಗಾ? ಯಾವ ಕತ್ತೆ ಇಟ್ಟಿದ್ದು ಹೇಳು! ಅವನ ಕೈ ಸೇದಿಹೋಗ!"

"ನೀವೇ, ಮಾವ."

ಅವ್ವಾದ್ ಬೊಚ್ಚುಬಾಯಿ ತೆರೆದು ಕೆಮ್ಮು ಬರುವಷ್ಟು ನಕ್ಕ. "ಏ ಜುಮಾ, ಈ ಹೆಣ್ಣುಮಗಳು ಎಷ್ಟು ಚೆನ್ನಾಗಿ ತಮಾಷೆ ಮಾಡ್ತಾಳೆ ನೋಡೋ! ಚಹಾ ಕೊಡಿ ಇವಳಿಗೆ."

ಫುರೇಜಾ ಚಹಾದ ಲೋಟವನ್ನು ಪಕ್ಕಕ್ಕಿಟ್ಟಳು. ಜಗಳಕ್ಕೆಂದು ಇಷ್ಟು ವರ್ಷ ಕೂಡಿಟ್ಟ ಮಾತುಗಳಿದ್ದವು. ಜಗಳವಾಡಲು ಆ ಮನುಷ್ಯನೇ ಅಲ್ಲಿರಲಿಲ್ಲ. ಇಟ್ಟವನ ನೆನಪನ್ನು ಅಳಿಸಿದೆಯಲ್ಲ ದೇವರೇ, ಆ ಕಲ್ಲನ್ನೂ ಜೊತೆಗೇ ಅಳಿಸಬಾರದಿತ್ತೇ ಎಂದುಕೊಂಡಳು. ಅಂದುಕೊಂಡ ತಕ್ಷಣ ತಪ್ಪಾಯಿತೆಂದು ಕ್ಷಮೆಯನ್ನೂ ಬೇಡಿದಳು.

ಜುಮಾ ತನ್ನ ಪಿಕಪ್ ಗಾಡಿಯಲ್ಲಿ ಅವಳನ್ನು ವಾಪಸು ಬಿಡಲು ಬಂದ. ಗುಡ್ಡೆಯ ಹತ್ತಿರ ಇಳಿದವಳೇ ಅವಳು ಹೊಸದಾಗಿ ಕೂತಿದ್ದ ಕೆಂಪು ಕಲ್ಲುಗಳನ್ನು ಹಳ್ಳಕ್ಕೆ ಬೀಸಿದಳು. ಅವನು ನೋಡುತ್ತ ನಿಂತಿದ್ದ.

"ಚಿಕ್ಕಮ್ಮಾ, ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ. ಗಾಡಿ ಒಂದ್ಸಲ ಹಿಂದಕ್ಕೆ ತಗೋತೀನಿ, ಗುಡ್ಡೆ ನೆಲಸಮ. ಯಾರಾದ್ರೂ ಕೇಳಿದ್ರೆ ತಾಗಿಬಿಡ್ತು ಅಂದ್ರಾಯ್ತು."

ಚೀಲದೊಳಗಿನ ಬಟ್ಟೆಯ ಮೇಲೆ ಅವಳ ಕೈ ಹೋಯಿತು. ಒಂದು ಸಲ ಹೂಂ ಎಂದರೆ ಸಾಕಿತ್ತು.

"ತಾಗಿ ಬಿದ್ದ ಕಲ್ಲಿನ ಮೇಲೆ ಬಿಳಿ ಬಟ್ಟೆ ಹಾರಿಸ್ಲಾ? ಸಬ್ಹಾ ಅದಕ್ಕೊಂದು ಹಾಡೇ ಕಟ್ತಾಳೆ."

"ಹಂಗಾದ್ರೆ ನಾನೇ ಕೈಯಾರೆ ತೆಗೀತೀನಿ. ಮಗನ ಕೈ ಆಗಲ್ವಾ?"

"ಅಪ್ಪ ಹೋದ್ಮೇಲೆ ಆಗ್ತದೆ. ಅವರು ಬದುಕಿದಾರೆ."

ಆ ಮುದುಕನ ಸಾವಿಗೆ ಕಾದು ಕೂರುವ ಹೆಂಗಸಾಗಬಾರದೆಂದು ಫುರೇಜಾ ಬಟ್ಟೆಯನ್ನು ಚೀಲದ ತಳಕ್ಕೆ ಒತ್ತಿದಳು.

"ನಿಮ್ಮ ಒಳ್ಳೇದಕ್ಕೇ ಹೇಳಿದ್ದು, ಚಿಕ್ಕಮ್ಮಾ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿದುಹೋಗ್ತದೆ."

"ಗೊತ್ತಪ್ಪಾ. ಬೇಡ. ಗಾಡಿ ಈ ಕಡೆಯಿಂದ ತಿರುಗಿಸು, ಕಲ್ಲಿಗೆ ತಾಗಿಸಬೇಡ."