ಸಂಜೀವಣ್ಣನ ಸೇತುವೆಗಳು

ಸಂಜೀವಣ್ಣ ಯಾವ ಸೇತುವೆಯನ್ನೂ ನಿಲ್ಲದೆ ದಾಟಿದವರಲ್ಲ. ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಬೀದಿಯ ಕೊನೆಗೆ ಒಂದು ವಾದಿ ಇದೆ. ಮಳೆ ಬಿದ್ದರೆ ಮಾತ್ರ ಹರಿಯುವ, ಉಳಿದಂತೆ ಬರೀ ಕಲ್ಲು, ಪ್ಲಾಸ್ಟಿಕ್ ಚೀಲಗಳ ಒಣ ಹಳ್ಳ. ಅದರ ಮೇಲಿನ ಮೋಟು ಸೇತುವೆಗೆ ಬಂದಾಗಲೆಲ್ಲ ಅವರ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಕಟ್ಟೆಗೆ ಎರಡೂ ಕೈ ಊರಿ, ಕೆಳಗೆ ನೀರಿದೆಯೇನೋ ಎಂಬಂತೆ ಬಗ್ಗಿ ನೋಡುತ್ತಿದ್ದರು. ಏನು ನೋಡುತ್ತೀರಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಅಭ್ಯಾಸ ಮಾರಾಯ್ರೆ," ಎಂದಷ್ಟೇ ಹೇಳಿ ಮುಂದೆ ನಡೆದಿದ್ದರು.

ಅವರು ಮುಲ್ಕಿ ಕಡೆಯವರು. ಮತ್ರಾದಲ್ಲಿ ಒಂದು ಹಡಗು ಏಜೆನ್ಸಿಯ ಆಫೀಸಿನಲ್ಲಿ ಕೆಲಸ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಹುಬ್ಬಳ್ಳಿಯವನಾದ ನನ್ನ ಮಾತು ಕೇಳಿ ನಗುವವರು ಅಲ್ಲಿ ಬಹಳ ಜನ; ಇವರು ಮಾತ್ರ ನಕ್ಕವರಲ್ಲ. ನಕ್ಕಿದ್ದನ್ನೇ ನಾನು ಕಂಡಿರಲಿಲ್ಲ.

ಅವರ ಹೆಂಡತಿ ಪ್ರೇಮಕ್ಕ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದವರು. ಇಲ್ಲಿನ ಕರಾರು ಮುಗಿದ ಮೇಲೆ ಇಂಗ್ಲೆಂಡಿನ ಶ್ರಾಪ್‌ಶೈರ್ ಎಂಬ ಹಳ್ಳಿಗಾಡಿನ ಸೀಮೆಯಲ್ಲಿ, ವೃದ್ಧಾಶ್ರಮವೊಂದಕ್ಕೆ ಕೆಲಸಕ್ಕೆ ಹೋದರು. ಸ್ವಲ್ಪ ಕಾಲದ ಮೇಲೆ ಗಂಡನೂ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಐವತ್ತು ದಾಟಿದ ಪ್ರೇಮಕ್ಕ ಅಲ್ಲಿ ಸೈಕಲ್ ಕಲಿತರು. ರಜೆ ಸಿಕ್ಕಾಗ ಟೀಮ್ ಎಂಬ ನದಿಯ ಗುಂಟ ಊರಿಂದೂರಿಗೆ ಸುತ್ತುವುದು, ರಾತ್ರಿ ಫೋನಿನಲ್ಲಿ ಗಂಡನಿಗೆ ಅದರ ವರ್ಣನೆ. ಕಪ್ಪು ತೊಲೆ, ಬಿಳಿ ಗೋಡೆಯ ವಾಲಿದ ಮನೆಗಳು, ಹಳೇ ಇಗರ್ಜಿ, ಅದರ ಅಂಗಳದ ಮುದಿ ಮರ. ಸಂಜೀವಣ್ಣ ಮತ್ರಾದ ಸೆಕೆಯಿಂದ ಬಂದು ಎ.ಸಿ. ಹಾಕಿ, ಅದನ್ನೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದರಂತೆ.

ಆಮೇಲೆ ವಿಮಾನಗಳೆಲ್ಲ ನಿಂತ ಆ ವರ್ಷ ಬಂತು. ಆಶ್ರಮದ ಮುದುಕರಿಗೆ ಬಂದ ಕಾಯಿಲೆ ಪ್ರೇಮಕ್ಕನಿಗೂ ಬಂತು. ಅಲ್ಲೇ ಹೋದರು, ಅಲ್ಲೇ ಸುಟ್ಟರು. ಬೂದಿಯನ್ನು ನದಿಗೆ ಬಿಟ್ಟವಳು ಜೊತೆಗೆ ಕೆಲಸ ಮಾಡುತ್ತಿದ್ದ ಲಿಸ್ಸಿ ಎಂಬ ಮಲಯಾಳಿ ಹುಡುಗಿ. ಅವಳು ಫೋನ್ ಮಾಡಿ, ಪ್ರೇಮ ಚೇಚಿಗೆ ಇಷ್ಟವಾಗಿದ್ದ ಊರಿನ ಸೇತುವೆ ಮೇಲಿಂದ ಬಿಟ್ಟೆ, ಎದುರಿಗೇ ಇಗರ್ಜಿ ಇದೆ ಎಂದಳು. ಊರಿನ ಹೆಸರನ್ನೂ ಹೇಳಿದಳು. ಅದು ಸಂಜೀವಣ್ಣನ ಕಿವಿಗೆ ಹೋಗಲಿಲ್ಲ. ತಿಂಗಳ ಮೇಲೆ ಕೇಳೋಣವೆಂದರೆ ಆ ನಂಬರು ಸತ್ತಿತ್ತು. ಲಿಸ್ಸಿ ಕೆಲಸ ಬಿಟ್ಟು ಬೇರೆಲ್ಲಿಗೋ ಹೋಗಿದ್ದಳು.

ವಿಮಾನ ಶುರುವಾದದ್ದೇ ತಡ, ಅವರ ವರ್ಷ ವರ್ಷದ ರಜೆಯೆಲ್ಲ ಆ ಊರು ಹುಡುಕಲು ಇಂಗ್ಲೆಂಡಿಗೆ ಹೋಯಿತು. ಮುಲ್ಕಿಯಲ್ಲಿ ತಂಗಿ ಬೇಜಾರು ಮಾಡಿಕೊಂಡರು. ಅಲ್ಲಿನ ಏರುದಾರಿಗೆ ಉಸಿರು ಬೇಕೆಂದು ಶುಕ್ರವಾರ ಬೆಳಿಗ್ಗೆ ಅಲ್ ಅಮೇರಾತ್‌ಗೆ ಹೋಗಿ, ಬೋಳು ಗುಡ್ಡದ ಬುಡದ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದರು. ಮನೆಗೆ ಬಂದವರಿಗೆ ಟೀಮ್ ದಂಡೆಯ ಊರುಗಳನ್ನು, ಯಾವುದಾದ ಮೇಲೆ ಯಾವುದು ಎಂದು, ಸುರತ್ಕಲ್, ಹಳೆಯಂಗಡಿ ಎನ್ನುವಷ್ಟು ಸಲೀಸಾಗಿ ಹೇಳುತ್ತಿದ್ದರು. ಆಫೀಸಿನಲ್ಲಿ ಏನಾದರೂ ಕೆಟ್ಟಾಗಲೂ ಅವರ ಮಾತು ಒಂದೇ: "ಆಗ್ಲಿ, ಇನ್ನೊಂದು ಊರು ಉಂಟಲ್ಲ."

ಒಂದು ವರ್ಷ ನನ್ನ ಕಂಪನಿ ನನ್ನನ್ನು ತರಬೇತಿಗೆ ಬರ್ಮಿಂಗ್‌ಹ್ಯಾಮಿಗೆ ಕಳಿಸಿತು. ಅದು ಮುಗಿದ ಮೇಲೆ ಕೆಲವು ದಿನ ಅವರ ಜೊತೆ ನಡೆದೆ. ಕುರಿ ಮೇಯುವ ಹೊಲಗಳ ನಡುವೆಯೇ ಕಾಲುದಾರಿ. ಬೇಲಿ ಬಂದಲ್ಲಿ ಹತ್ತಿ ಇಳಿಯಲು ಮರದ ಮೆಟ್ಟಿಲು. "ಇದು ನಮ್ಮ ತಡಮೆಯೇ," ಎಂದು ಅವರು ಹೇಳಿದಾಗಲೇ ನನಗೆ ಆ ಕನ್ನಡ ಪದ ಗೊತ್ತಾದದ್ದು. ಅವರು ಮೊದಲು ದಾಟಿ, ತಿರುಗಿ ಕೈ ಚಾಚುತ್ತಿದ್ದರು. ನಾನು ಹಿಡಿಯುವ ಮೊದಲೇ, ಏನೋ ನೆನಪಾದವರಂತೆ ಆ ಕೈ ಹಿಂದಕ್ಕೆ ಹೋಗುತ್ತಿತ್ತು.

ಪ್ರತಿ ಊರಲ್ಲೂ ಒಂದು ಕಲ್ಲಿನ ಸೇತುವೆ, ಪ್ರತಿ ಸೇತುವೆಗೂ ಎದುರಾಗಿ ಒಂದು ಇಗರ್ಜಿ. ಸಂಜೀವಣ್ಣ ಎಲ್ಲ ಕಡೆ ಪ್ರೇಮಕ್ಕನ ಫೋಟೋ ತೋರಿಸಿ ಕೇಳುತ್ತಿದ್ದರು. ಜನ ಕನ್ನಡಕ ಹಾಕಿಕೊಂಡು ಗಮನವಿಟ್ಟು ನೋಡಿ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಮಬ್ಬುಗತ್ತಲಿನಲ್ಲಿ ಇಗರ್ಜಿಯ ಅಂಗಳದ ಬೆಂಚಿನ ಮೇಲೆ ಕೂತಾಗ ಅವರು ಹೇಳಿದರು, "ಇಲ್ಲಿ ಇರಬಹುದಾ ಅಂತ ಪ್ರತಿ ಊರಲ್ಲೂ ಅನಿಸ್ತದೆ. ಇಲ್ಲಿ ಇಲ್ಲ ಅಂತ ಯಾವ ಊರಲ್ಲೂ ಅನಿಸೂದಿಲ್ಲ." ನನಗೆ ಹಿಂದೆ ಯಾರೋ ನಿಂತಂತಾಯಿತು. ತಿರುಗಿ ನೋಡಲಿಲ್ಲ.

ಮರುದಿನ ಜಿಟಿಜಿಟಿ ಮಳೆ. ಒಂದು ಊರಿನ ಸೇತುವೆಯ ಕಟ್ಟೆಗೆ ಒರಗಿ ಚಪಾತಿ ತಿನ್ನುತ್ತಿದ್ದೆವು. ದಂಡೆಯಿಂದ ಹಂಸವೊಂದು ಓಲಾಡುತ್ತ ಮೇಲೆ ಬಂದು, ನನ್ನ ಕೈಯಲ್ಲಿದ್ದ ಚಪಾತಿ ಸುರುಳಿಯನ್ನು ಕಿತ್ತುಕೊಂಡು ಹೊರಟೇಹೋಯಿತು. ಸಂಜೀವಣ್ಣ, "ಸರಸ್ವತಿಯ ವಾಹನ ಅಂತೆ. ನಮ್ಮೂರ ಕಾಗೆಗೆ ಇದಕ್ಕಿಂತ ಮರ್ಯಾದೆ ಉಂಟು," ಎಂದವರು ನಗತೊಡಗಿದರು. ನಿಲ್ಲಿಸಲಾಗದೆ ಒದ್ದೆ ಕಲ್ಲಿನ ಮೇಲೇ ಕೂತು, ಕಣ್ಣೀರು ಬರುವಷ್ಟು ನಕ್ಕರು. ಆ ಊರಲ್ಲಿ ಮಾತ್ರ ಪ್ರೇಮಕ್ಕನ ಫೋಟೋ ತೋರಿಸಿ ಕೇಳುವುದನ್ನು ಮರೆತರು.

ನಾವು ಮಸ್ಕತ್ತಿಗೆ ಮರಳಿದ ಮೇಲೆ ಲಿಸ್ಸಿಯನ್ನು ಕೊನೆಗೆ ಪತ್ತೆ ಮಾಡಿದವಳು ನನ್ನ ಹೆಂಡತಿ, ಮಸ್ಕತ್ತಿನ ಮಲಯಾಳಿ ನರ್ಸುಗಳ ಮೂಲಕ. ನಾನೇ ಅವಳೊಡನೆ ಮಾತಾಡಿದೆ. ಅವಳು ಊರಿನ ಹೆಸರು ಹೇಳಿದಳು. ಹಂಸ ಬಂದ ಊರು ಅದು.

ತಕ್ಷಣ ಕೆಳಗಿಳಿದು ಹೋದೆ. ಸಂಜೀವಣ್ಣ ಮುಂದಿನ ಪ್ರಯಾಣಕ್ಕೆಂದು ಬೂಟಿಗೆ ಎಣ್ಣೆ ಹಚ್ಚುತ್ತಿದ್ದರು. ಲಿಸ್ಸಿ ಸಿಕ್ಕಳು, ಊರು ಗೊತ್ತಾಯಿತು ಎಂದೆ. ಅವರ ಕೈ ನಿಂತಿತು. ಬೂಟನ್ನು ನೆಲಕ್ಕಿಟ್ಟರು.

"ಹೇಳ್ಬೇಡಿ," ಅಂದರು.

ನನಗೆ ಅರ್ಥವಾಗಲಿಲ್ಲ. "ಇಷ್ಟ್ ವರ್ಷ ಹುಡುಕಿದ್ದು ಅದನ್ನೇ ಅಲ್ಲೇನ್ರಿ?"

"ಹೌದು. ನೀವು ಹೇಳಿದ್ರೆ ಅವಳು ಆ ಒಂದು ಊರಲ್ಲಿ ಮಾತ್ರ ಇರ್ತಾಳೆ. ಉಳಿದ ಊರೆಲ್ಲ ಖಾಲಿ ಆಗ್ತದೆ ನನಗೆ."

ಮತ್ತೆ ಬೂಟು ಎತ್ತಿಕೊಂಡರು. ಆ ವರ್ಷವೂ ಹೋದರು, ಅದರ ಮುಂದಿನ ವರ್ಷವೂ. ಸಂಜೆ ಜೊತೆಗೆ ನಡೆಯುವಾಗ ಆ ಹೆಸರು ನನ್ನ ನಾಲಿಗೆಯ ಮೇಲೇ ಕೂತಿರುತ್ತಿತ್ತು. ವಾದಿಯ ಸೇತುವೆಯ ಮೇಲೆ ಅವರು ಬಗ್ಗಿದಾಗ ನಾನೂ ಬಗ್ಗಿ ನೋಡಲು ಕಲಿತಿದ್ದೆ.

ನಿವೃತ್ತಿಯಾಗಿ ಮುಲ್ಕಿಗೆ ಹೋದ ಮೇಲೆ ಅವರಿಗೆ ಇಂಗ್ಲೆಂಡಿನ ವೀಸಾ ಸಿಗಲಿಲ್ಲ. ಮೊಣಕಾಲೂ ಕೈಕೊಟ್ಟಿತು. ತೀರಿಕೊಳ್ಳುವುದಕ್ಕೆ ಕೆಲವು ವಾರ ಮೊದಲು, ಒಂದು ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದರು. ಮಸ್ಕತ್ತಿನ ಸೆಕೆ ವಿಚಾರಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ಇನ್ನು ನಾನು ನಡೆಯುವ ಹಾಗಿಲ್ಲ. ಆ ಊರಿನ ಹೆಸರು ಈಗ ಹೇಳಿ," ಎಂದರು.

ಹೇಳಿದೆ.

"ಹಂಸ ಬಂದದ್ದು ಅಲ್ಲಿಯೇ ಅಲ್ವಾ?"

"ಹೌದ್ರಿ, ಅಲ್ಲೇ."

"ನಾನು ಆವತ್ತು ನಗಾಡಿದ್ದೆ."

"ಭಾಳ ನಕ್ಕಿದ್ರಿ."

"ಜೋರಾಗಿಯಾ?" ಎಂದು ಕೇಳಿದರು. "ಸೇತುವೆ ಕೆಳಗೆ ಕೇಳುವಷ್ಟು?"