ಹುಲಿಗವ್ವನ ಕುಬಸ

ಗಂಡನ ಊರಾದ ಮರಳಿಯ ಗದ್ದೆಗಳಲ್ಲಿ ನಾಟಿ ಹಚ್ಚುವಾಗ ಹುಲಿಗವ್ವನನ್ನು ಹಿಂದೆ ಹಾಕುವವರಿರಲಿಲ್ಲ. ಅಂಥವಳು ೧೯೮೩ರ ಬೇಸಿಗೆಯಲ್ಲಿ ಕೂತಲ್ಲಿಂದ ಏಳಲಾರದೆ ಗೋಡೆ ಹಿಡಿದಳು. ತಲೆ ಬಾಚಿಕೊಳ್ಳಲು ಕೈ ಮೇಲೇಳದು. ಕೆನ್ನೆಯ ಮೇಲೆ, ಬೆರಳ ಗಂಟುಗಳ ಮೇಲೆ ಕೆಂಪು ಕಲೆ. ಬಿಸಿಲಿಗೆ ಹೋದರೆ ಉರಿ. ಅತ್ತೆ ಮಾರೆವ್ವ ಇದೆಲ್ಲ ಸೋಗು ಎಂದಳು. ಕೊಡ ಹೊರಲಾರದ ಸೊಸೆಯನ್ನು ಹುಲಿಹೈದರದ ತವರಿಗೆ ಅಟ್ಟಿ ಕೈತೊಳೆದುಕೊಂಡಳು.

ತಾಯಿ ಯಂಕವ್ವ ಮಗಳನ್ನು ಬಳ್ಳಾರಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. "ಚರ್ಮ, ಮಾಂಸಖಂಡ, ಕಿಡ್ನಿ ಮೂರಕ್ಕೂ ರೋಗ ಹತ್ತೈತಿ. ಅಪರೂಪದ ಬ್ಯಾನಿಗಳು ಒಂದರ ಮ್ಯಾಲೊಂದು ಕೂಡ್ಯಾವ. ಇಕಿ ಮೈನ ಇಕಿಗೆ ವೈರಿ ಆಗೈತಿ. ಗುಳಿಗಿ ಬಿಟ್ರ ಜೀವಕ್ಕ ಕುತ್ತು ನೋಡವ್ವಾ."

ಗುಳಿಗೆ ಫಲ ಕೊಟ್ಟಿತು. ಕೈ ಮೇಲೆದ್ದವು, ಕೆನ್ನೆ ದುಂಡಗಾದವು. ಅದು ಔಷಧದ ಬಾವು ಎಂದು ಯಾರಿಗೆ ಗೊತ್ತು? ಕೂಲಿ ಮಾಡಿ ಉಣ್ಣುವವರ ಓಣಿಯಲ್ಲಿ ದುಂಡು ಮುಖವೆಂದರೆ ಆರೋಗ್ಯವೇ. "ಮೈ ತುಂಬ್ಯಾಳ" ಎಂದು ಎಲ್ಲರೂ ಹೊಗಳಿದರು. ಗಂಡ ಹೊಳಿಯಪ್ಪ ಕರೆಯಲು ಬಂದ. ಇನ್ನೂ ರೋಗಿ ಎಂದು ತಿಳಿದರೆ ಮತ್ತೆ ಅಟ್ಟಿಯಾರೆಂದು ಹೆದರಿ ಯಂಕವ್ವ ಮಗಳ ಗಂಟಿನಿಂದ ಗುಳಿಗೆ ತೆಗೆದಿಟ್ಟುಕೊಂಡಳು. "ಇನ್ಯಾಕ ಬೇಕವ್ವಾ, ಛಲೋ ಆಗೀದಿ" ಎಂದಳು. ಪಾಪ, ಅವಳಿಗೆ ಮಗಳ ಬಾಳುವೆ ನೆಟ್ಟಗಾಗಬೇಕಿತ್ತು.

ಸುಗ್ಗಿಯ ಹೊತ್ತಿಗೆ ಮರಳಿಯಿಂದ ಸುದ್ದಿ ಬಂತು. ಹುಲಿಗವ್ವ ಮುಟ್ಟಾಗಿಲ್ಲ, ಹೊಟ್ಟೆ ಕಾಣುತ್ತಿದೆ, ಕಾಲು ಬಾತಿವೆ, ಬಸುರಿ. ಯಂಕವ್ವ ಹಿಗ್ಗಿ, ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆಂದು ಹಸಿರು ಸೀರೆ, ಖಣ, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಬಳೆ ಇಡಿಸಲು ಕರೆಸಿದ್ದ ಬಳೆಗಾರ್ತಿ ನಸೀಮಾಬಿ ಹುಲಿಗವ್ವನ ಕೈ ಹಿಡಿದವಳು ಥಟ್ಟನೆ ಬಿಟ್ಟಳು. ಹೆಬ್ಬೆರಳು ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿದಿತ್ತು.

"ನನಗ ಹೆದರಿಕಿ ಆಗ್ತೈತಿ. ಮದ್ಲ ದವಾಖಾನಿಗೆ ಒಯ್ರಿ" ಎಂದಳು.

ಗಂಗಾವತಿಯ ಡಾಕ್ಟರು ಹೊಟ್ಟೆ ತಟ್ಟಿ ನೋಡಿದರು, ಬಳ್ಳಾರಿಯ ಸಂಗತಿಯನ್ನೆಲ್ಲ ಕೇಳಿಕೊಂಡರು. "ಕೂಸಿಲ್ಲ, ನೀರು ತುಂಬೈತಿ. ಕಿಡ್ನಿ ಹೋಗ್ಯಾವ. ಗುಳಿಗಿ ಬಿಡಿಸಿದವ್ರು ಯಾರು?"

ಮಾರೆವ್ವ, ಹೊಳಿಯಪ್ಪ ಇಬ್ಬರೂ ಯಂಕವ್ವನತ್ತ ತಿರುಗಿದರು. ಹುಲಿಗವ್ವ ಮೇಲುಸಿರು ಬಿಡುತ್ತಲೇ, "ನಾನ ಬಿಟ್ಟೇನ್ರಿ. ಕಹಿ ಹತ್ತತಿದ್ವು" ಎಂದಳು.

ವಾರ ತುಂಬುವುದರೊಳಗೆ ಹೋದಳು. ಮಣ್ಣಿಗೆ ಬಂದವರೆಲ್ಲ, ಹಟಮಾರಿ ಹುಡುಗಿ, ಡಾಕ್ಟರ ಮಾತು ಕೇಳಲಿಲ್ಲ ಎಂದು ಸತ್ತವಳನ್ನೇ ಬೈದರು. ಯಂಕವ್ವ ಅದನ್ನೆಲ್ಲ ಕೇಳುತ್ತ ಕೂತಿದ್ದಳು. ಅಲ್ಲ ಎನ್ನಲಿಲ್ಲ.