ಎರವಲು ತಂದ ಕಮಾನು ಪಟ್ಟಿ

ಹಳೆಯ ಕಾರಿಗೆ ಕಮಾನು ಪಟ್ಟಿ ಆರಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದವಳು ನಾನು, ನಿಜ. ಆದರೆ ಹಿಂದಿನ ಗಾಲಿಗಳ ಹತ್ತಿರ ಒಂದರಡಿ ಒಂದು ಜೋಡಿಸಿರುತ್ತಾರಲ್ಲ, ಆ ಬಾಗಿದ ಉಕ್ಕಿನ ಪಟ್ಟಿಗಳು, ಅವುಗಳಲ್ಲಿ ಯಾವುದು ಅಸಲಿ, ಯಾವುದು ಬಣ್ಣ ಬಳಿದ ನಕಲಿ ಎಂದು ಈಗಲೂ ಒಂದು ಸ್ಪ್ಯಾನರ್ ಕೊಟ್ಟರೆ ತಟ್ಟಿ ನೋಡಿ ಹೇಳಬಲ್ಲೆ. ಇಷ್ಟು ವಿದ್ಯೆ ಕಲಿಸಿದ್ದು ನಮ್ಮ ಯಜಮಾನರ ಬೆನ್ನು.

ತೊಂಬತ್ತರ ದಶಕದ ಮಾತು. ನಮ್ಮ ಮನೆ ತಿ. ನರಸೀಪುರದಲ್ಲಿ, ಇಬ್ಬರ ಕೆಲಸವೂ ನಂಜನಗೂಡಿನಲ್ಲಿ. ನಾನು ಸರ್ಕಾರಿ ಶಾಲೆಯಲ್ಲಿ ಟೀಚರು, ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಬಸ್ಸಿನಲ್ಲಿ ಓಡಾಡಿ ಓಡಾಡಿ ಅವರ ಬೆನ್ನುಮೂಳೆಯ ಡಿಸ್ಕ್ ಜಾರಿತು. ಮೈಸೂರಿನ ಡಾಕ್ಟರು, "ಬಸ್ಸು ಹತ್ತಬೇಡಿ, ಹೀಗೇ ಕುಲುಕಾಡಿದರೆ ಆಪರೇಷನ್ನೇ ಗತಿ" ಎಂದುಬಿಟ್ಟರು. ಇದ್ದಬದ್ದ ರಜೆಯೆಲ್ಲ ಮುಗಿಯಿತು. ನಂಜನಗೂಡಿಗೇ ಮನೆ ಮಾಡೋಣವೆಂದರೆ ನಮ್ಮತ್ತೆ ಹೊಸಲು ದಾಟುವವರಲ್ಲ. ಕೆಲಸ ಬಿಟ್ಟುಬಿಡುತ್ತೇನೆ ಎಂದು ಇವರು ಗೋಡೆಗೆ ಮುಖ ಮಾಡಿ ಮಲಗಿದ ದಿನ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕೈಕಟ್ಟಿ ಕೂರುವವಳಲ್ಲ. ಸೋಸಲೆಯ ನನ್ನ ಸೋದರಮಾವ ಟ್ಯಾಕ್ಸಿ ಓಡಿಸಿ ಮೂಲೆಗೆ ನಿಲ್ಲಿಸಿದ್ದ ಅಂಬಾಸಿಡರ್ ಒಂದಿತ್ತು. ಅದನ್ನು ಕೊಂಡೆ, ಡ್ರೈವಿಂಗ್ ಕಲಿತೆ. "ಟೀಚರಮ್ಮ ಬಂದ್ರು, ಬದಿಗೋಗ್ರಲಾ" ಎಂದು ಬಸ್‌ಸ್ಟ್ಯಾಂಡಿನ ಹುಡುಗರು ಕೂಗುತ್ತಿದ್ದರು. ನಾನು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದೆ.

ಕಾರೇನೋ ಬಂತು, ಕುಲುಕಾಟ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬು ಒತ್ತಿಟ್ಟು ಕಾಲು ಚಾಚಿ ಒರಗಿದ ಇವರು ಒಂದೊಂದು ಗುಂಡಿಗೂ "ಅಯ್ಯೋ" ಎನ್ನುತ್ತಿದ್ದರು. ನಮ್ಮೂರಿನ ಮೆಕ್ಯಾನಿಕ್ ಕೆಳಗೆ ನುಸುಳಿ ನೋಡಿ ಕಾರಣ ಹೇಳಿದ. ಮದುವೆ ದಿಬ್ಬಣದ ಜನರನ್ನೆಲ್ಲ ತುಂಬಲೆಂದು ಮಾವ ಲಾರಿಯದೊಂದು ಪಟ್ಟಿಯನ್ನೂ ಸೇರಿಸಿ ಕಟ್ಟಿಸಿದ್ದ.

"ಇನ್ನೊಂದ್ ಪಟ್ಟಿ ಆಕ್ಬುಡ್ತೀನಿ ಮೇಡಂ, ಆನೆ ಕೂತ್ರೂ ಬಗ್ಗಕಿಲ್ಲ" ಎಂದ.

"ಕೂರೋದು ಆನೆ ಅಲ್ಲಪ್ಪ, ನಮ್ಮ ಮನೆಯವರು. ಬಗ್ಗಬೇಕು, ಮತ್ತೆ ಏಳಬೇಕು. ಅಂಥದ್ದು ಹಾಕು" ಎಂದೆ. ನಮ್ಮ ಕಡೆಯವರಿಗೆ ಗಾಡಿ ಎಂದರೆ ಎಷ್ಟು ಜನ ಹಿಡಿಸುತ್ತಾರೆ ಎಂಬ ಲೆಕ್ಕವೇ ಹೊರತು ಕೂತವರ ಸುಖದ ಲೆಕ್ಕ ಇಲ್ಲ.

ನಂಜನಗೂಡಿನ ಅಂಗಡಿಯೊಂದರಲ್ಲಿ ಹೊಸ ಸೆಟ್ಟು ತಂದೆವು. ಫಳಫಳ ಹೊಳೆಯುವ ಕಪ್ಪು ಬಣ್ಣ. ಮಳೆಗಾಲ ಕಳೆಯುವಷ್ಟರಲ್ಲಿ ಬಾಗು ಕಳೆದುಕೊಂಡು ಚಪ್ಪಟೆಯಾಗಿ ಕೂತಿತು. ಮತ್ತೆ ಮಾವನ ಪಟ್ಟಿಗಳನ್ನೇ ಕಟ್ಟಿಸಿಕೊಂಡು ಅಂಗಡಿಯವನ ಮುಂದೆ ಹೋಗಿ ನಿಂತೆ.

"ವರಿಜಿನಲ್ಲೇ ಕೊಟ್ಟಿದ್ದು ಮೇಡಂ, ದೇವ್ರಾಣೆ" ಎಂದ.

"ದೇವರು ಬೇಡ, ಬಿಲ್ಲು ಕೊಡಿ" ಎಂದೆ. ಬಿಲ್ಲು ಬರೆಯುವ ಕೈ ಏಳಲಿಲ್ಲ. ಅವನ ಮುಖ ನೋಡಿಕೊಂಡು ನಿಂತರೆ ಕೆಲಸ ಆಗುವುದಿಲ್ಲವೆಂದು ನಾನೇ ಕಲಿಯತೊಡಗಿದೆ. ಒಳ್ಳೆಯ ಉಕ್ಕನ್ನು ಸ್ಪ್ಯಾನರಿನಲ್ಲಿ ತಟ್ಟಿದರೆ ಶಾಲೆಯ ಗಂಟೆಯ ಹಾಗೆ ನಾದ ಉಳಿಯುತ್ತದೆ. ಬಿರುಕು ಬಿಟ್ಟದ್ದು ಟಪ್ಪೆಂದು ಸಾಯುತ್ತದೆ. ಪಟ್ಟಿಯ ತುದಿಗೆ ಕೂರಿಸುವ ರಬ್ಬರ್ ಬುಷ್ಷಿಗೆ ಉಗುರು ಒತ್ತಿದರೆ ಗುರುತು ಮಾಯವಾಗಬೇಕು, ಹಾಗೇ ಉಳಿದರೆ ವಾಪಸ್ ಕೊಡಬೇಕು. ಬಣ್ಣ ದಪ್ಪವಾಗಿದ್ದರೆ ಮೊದಲು ಕೆರೆದು ನೋಡಬೇಕು. ಕೊನೆಕೊನೆಗೆ ನನ್ನನ್ನು ಕಂಡರೆ ಅಂಗಡಿಯವರು ಒಳಗಿನ ಮಾಲನ್ನೇ ತೆಗೆಯುತ್ತಿದ್ದರು. ಆದರೂ ನನಗೆ ಬೇಕಾದಂಥ ಸೆಟ್ಟು ಮಾತ್ರ ಸಿಗಲಿಲ್ಲ.

ಸಿಕ್ಕಿದ್ದು ಊಟದ ಡಬ್ಬಿಯ ಮುಂದೆ. ತಾಂಡವಪುರದಿಂದ ಬರುತ್ತಿದ್ದ ಟೀಚರೊಬ್ಬರು, "ನಮ್ಮ ಬೀದೀಲಿ ಒಂದು ಅಂಬಾಸಿಡರ್ ಇದೆ ಕಣ್ರೀ, ಅದರೊಳಗೆ ಕೋಳಿ ಮೊಟ್ಟೆ ಇಡ್ತವೆ" ಎಂದು ನಕ್ಕರು. ನಾನು ಮೊಸರನ್ನ ಅರ್ಧಕ್ಕೇ ಬಿಟ್ಟು ವಿಳಾಸ ಕೇಳಿದೆ.

ಆ ಭಾನುವಾರವೇ ಆ ಟೀಚರ ಹೆಸರು ಹೇಳಿಕೊಂಡು ಹೋದೆ. ಕೊಟ್ಟಿಗೆಯ ಪಕ್ಕ ಕಾರು ನಿಂತಿತ್ತು. ಸೆರಗು ಸಿಕ್ಕಿಸಿ ಕೆಳಗೆ ನುಸುಳಿ ಸ್ಪ್ಯಾನರಿನಲ್ಲಿ ತಟ್ಟಿದೆ. ಎಂಥ ನಾದ! ಕಂಪನಿಯಿಂದ ಬಂದ ಪಟ್ಟಿಗಳು, ಒಂದೂ ಸವೆದಿಲ್ಲ. ಮನೆಯ ಒಡತಿ, ಗಂಡನನ್ನು ಕಳೆದುಕೊಂಡ ವಯಸ್ಸಾದ ಹೆಂಗಸು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನವ್ವಾ, ಮೇಷ್ಟ್ರಮ್ಮ ಆಗಿ ಗಾಡಿ ಕೆಳ್ಗೆ ಮನಿಕಂಡಿದ್ದೀಯಲ್ಲ?"

ಎದ್ದು ಕೂತು ಇವರ ಬೆನ್ನಿನ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಬಾನೆಟ್ಟಿನ ಮೇಲೆ ಕೂತಿದ್ದ ಕೋಳಿಯನ್ನು ಓಡಿಸಿದರು. ಅವರ ಗಂಡ ಆ ಕಾರನ್ನು ಹೊಸದಾಗಿ ತಂದು, ಸೋಮವಾರ ನಂಜನಗೂಡಿನ ದೇವಸ್ಥಾನಕ್ಕೆ ಬಿಟ್ಟರೆ ಬೇರೆಲ್ಲಿಗೂ ತೆಗೆಯುತ್ತಿರಲಿಲ್ಲವಂತೆ.

"ಮಾರಕಿಲ್ಲ ಕಣವ್ವ. ಎಷ್ಟೋ ಜನ ಕೇಳವ್ರೆ. ನೀನು ಬೇಕಾರೆ ಎರವ್ಲು ತಕೋ. ನಿನ್ ಗಂಡನ್ ನೌಕ್ರಿ ಮುಗುದ್ ಮ್ಯಾಕೆ ತಂದು ಆಕ್ಬುಡು. ನಮ್ ಯಜಮಾನ್ರ ಗಾಡಿ ಅರೆಬರೆ ಆಗ್ಬಾರ್ದು."

ಹೆಪ್ಪಿಗೆ ಮಜ್ಜಿಗೆ ಎರವಲು ಕೇಳುತ್ತೇವೆ, ಮದುವೆಗೆ ಹಂಡೆ ಕೇಳುತ್ತೇವೆ. ಕಮಾನು ಪಟ್ಟಿ ಎರವಲು ತಂದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಅವರ ಪಟ್ಟಿಗಳನ್ನು ನಮ್ಮ ಕಾರಿಗೂ, ಮಾವನ ಕಾಲದ ಗಡಸು ಪಟ್ಟಿಗಳನ್ನು ಅವರ ನಿಂತ ಕಾರಿಗೂ ಕಟ್ಟಿಸಿದೆ. ಮರುದಿನ ಸಂಜೆ ನಂಜನಗೂಡಿನಿಂದ ಹೊರಟು ಅರ್ಧ ದಾರಿ ಬಂದರೂ ಹಿಂದಿನ ಸೀಟಿನಿಂದ "ಅಯ್ಯೋ" ಕೇಳಲಿಲ್ಲ. ಹೆದರಿ ತಿರುಗಿ ನೋಡಿದರೆ ಇವರು ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಆಮೇಲೆ ವರ್ಷಗಟ್ಟಲೆ ಹಾಗೇ ನಡೆಯಿತು. ಶಾಲೆ ಮೊದಲು ಬಿಡುತ್ತಿತ್ತು. ಇವರು ಬರುವ ತನಕ ಕಚೇರಿಯ ಮುಂದೆ ಕಾರಿನಲ್ಲೇ ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. ಬುಷ್ ಸವೆದರೆ ಬದಲಾಯಿಸಿದೆ, ಪಟ್ಟಿಗಳ ನಡುವೆ ಗ್ರೀಸ್ ಒಣಗಲು ಬಿಡಲಿಲ್ಲ. ಒಂದು ದಿನ ಇವರು, "ಹಿಂದೆ ಬಿಸಿಲು ಬೀಳುತ್ತೆ" ಎಂದು ದಿಂಬು ಬಿಟ್ಟು ಮುಂದಿನ ಸೀಟಿಗೆ ಬಂದರು. ಅಂದಿನಿಂದ ದಾರಿಯುದ್ದಕ್ಕೂ ಕಚೇರಿಯ ಸುದ್ದಿ, ಸಾಹೇಬರ ಅಣಕ, ಕಬ್ಬಿನ ಗಾಡಿ ಅಡ್ಡ ಬಂದರೆ ನನ್ನ ಡ್ರೈವಿಂಗಿಗೆ ಟೀಕೆ. ಮನೆಯಲ್ಲಿ ನಾಲ್ಕು ಮಾತಾಡದ ಗಂಡಸು ಕಾರಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಇವರು ನಿವೃತ್ತರಾದರು. ಹಾರ, ಶಾಲು, ಹಣ್ಣಿನ ಬುಟ್ಟಿಯ ಸಮೇತ ಕಾರನ್ನು ಸೀದಾ ತಾಂಡವಪುರಕ್ಕೆ ತಿರುಗಿಸಿದೆ. ಕೊಟ್ಟ ಮಾತು ಮಾತೇ. ಮೆಕ್ಯಾನಿಕ್‌ಗೂ ಅಲ್ಲಿಗೇ ಬರಲು ಹೇಳಿದ್ದೆ. ಎರವಲು ತಂದ ಪಾತ್ರೆಯನ್ನು ಖಾಲಿ ಕೊಡಬಾರದಲ್ಲ, ಪಟ್ಟಿಗಳ ಜೊತೆ ಉಗುರು ಒತ್ತಿ ಆರಿಸಿದ ಹೊಸ ಬುಷ್ಷುಗಳನ್ನೂ ಒಯ್ದಿದ್ದೆ. ಆ ತಾಯಿ, ಮೆಕ್ಯಾನಿಕ್ ಬಿಚ್ಚಿಕೊಟ್ಟ ಪಟ್ಟಿಗಳನ್ನು ಸೆರಗಿನಿಂದ ಒರೆಸಿ, "ಓದಂಗೇ ಬಂದವೆ" ಎಂದರು. ಅಷ್ಟು ಸಾಕಿತ್ತು ನನಗೆ. ಆದರೆ ಅವರ ಕಾರಿನಲ್ಲಿದ್ದ ನಮ್ಮ ಹಳೆಯ ಪಟ್ಟಿಗಳ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. "ನಾಳೆ ಬನ್ನಿ ಮೇಡಂ, ಇವತ್ತು ಆಗಕಿಲ್ಲ" ಎಂದ ಮೆಕ್ಯಾನಿಕ್.

ಬಸ್ಸೇ ಗತಿಯಾಯಿತು. ನಂಜನಗೂಡಿನಲ್ಲಿ ನಮ್ಮೂರ ಬಸ್ಸಿಗೆ ಹತ್ತಿದರೆ ಕಟ್ಟಕಡೆಯ ಸೀಟು ಮಾತ್ರ ಖಾಲಿ, ಚಕ್ರಕ್ಕಿಂತ ಹಿಂದೆ, ಎಲ್ಲಕ್ಕಿಂತ ಹೆಚ್ಚು ಎಗರುವ ಜಾಗ. ನನ್ನ ಜೀವ ಬಾಯಿಗೆ ಬಂದಿತ್ತು. ಮೊದಲ ಗುಂಡಿಗೇ ಇಬ್ಬರೂ ಗೇಣುದ್ದ ಮೇಲೆ ಹಾರಿ ಬಿದ್ದೆವು. ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದರೆ ಇವರು ಕಡಲೆಕಾಯಿ ಸುಲಿಯುತ್ತಿದ್ದಾರೆ.

"ರೀ, ಬೆನ್ನು?"

"ನೋವು ಹೋಗಿ ಬಹಳ ದಿನ ಆಯ್ತು ಕಣೇ. ಮುಂದಿನ ಸೀಟಿಗೆ ಬಂದೆನಲ್ಲ, ಆವಾಗಲೇ."

"ಮತ್ತೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

ಇವರು ಸುಲಿದ ಕಡಲೆಯನ್ನು ನನ್ನ ಕೈಗೆ ಹಾಕಿದರು. "ಹೇಳಿದ್ರೆ ನೀನು ಶಾಲೆ ಬಿಟ್ಟ ತಕ್ಷಣ ಬಸ್ ಹತ್ತಿ ಹೋಗ್ತಿದ್ದೆ. ನಾನೊಬ್ಬನೇ ಬರಬೇಕಿತ್ತು."

ಊರು ಬರುವ ತನಕ ಇವರು ಸುಲಿದು ಸುಲಿದು ಕೊಟ್ಟರು. ನಾನು ತಿನ್ನುತ್ತಾ ಬಂದೆ. ಮರುದಿನ ಇಬ್ಬರೂ ಹೋಗಿ ಕಾರು ತಂದೆವು. ಕೆಳಗೆ ಮಾವನ ಕಾಲದ ಅದೇ ಗಡಸು ಪಟ್ಟಿ, ಪಕ್ಕದ ಸೀಟಿನಲ್ಲಿ ಇವರು. ಒಂದೊಂದು ಗುಂಡಿಗೂ ಬೇಕೆಂತಲೇ "ಅಯ್ಯೋ, ಬೆನ್ನು!" ಎಂದು ಕೂಗಿದರು. ಒಂದನ್ನೂ ನಾನು ನಂಬಲಿಲ್ಲ. ಆದರೂ ಒಂದೊಂದು ಗುಂಡಿಗೂ ಗೇರು ಇಳಿಸಿ, ನಿಧಾನ ಮಾಡಿಯೇ ದಾಟಿಸಿದೆ.